ಅಕ್ಕನ ಫೋನಿನಲ್ಲಿ ಸಿಕ್ಕ ಮಾತು

ಅಕ್ಕ ನಾಲವಾರದ ಶಾಲೆಯಲ್ಲಿ ಟೀಚರಾಗಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ಮೊಬೈಲ್ ನನ್ನ ಕೈಗೆ ಬಂತು. ಅದರ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಫೋಟೊಗಳಾದರೂ ಸಿಗಲಿ ಎಂದು ಶಹಾಬಾದಿನ ಕಂಪ್ಯೂಟರ್ ಅಂಗಡಿಗೆ ಒಯ್ದೆ.

ಅಂಗಡಿ ನಡೆಸುತ್ತಿದ್ದ ಹೆಣ್ಣುಮಗಳು ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದಳು. "ಡಿಸ್‌ಪ್ಲೇ ಅಷ್ಟೇ ಹೋಗ್ಯಾದ್ರಿ. ಒಳಗಿಂದೆಲ್ಲಾ ಹಾಂಗೇ ಅದ," ಎಂದಳು. ಪೆನ್‌ಡ್ರೈವ್ ಹಾಕಿದಾಗ ಬರುವಂತೆ ಹೊಸದೊಂದು ಡ್ರೈವ್ ಕಾಣಿಸಿಕೊಂಡಿತು. ಒಂದು ಫೋಲ್ಡರಿನಲ್ಲಿ ಶಾಲೆಯ ಮಕ್ಕಳ ಫೋಟೊಗಳಿದ್ದವು. ಇನ್ನೊಂದರಲ್ಲಿ ಅಕ್ಕನೇ ರೆಕಾರ್ಡ್ ಮಾಡಿದ ಐದಾರು ಆಡಿಯೊ ಇದ್ದವು. ಮಕ್ಕಳಿಗೆ ಕಲಿಸುವ ಪದ್ಯಗಳಿರಬೇಕು ಎಂದುಕೊಂಡು ಮೊದಲನೆಯದನ್ನು ಹಾಕಿಸಿದೆ.

"ತಮ್ಮಾ, ನಿನಗೊಂದು ಮಾತು ಹೇಳಬೇಕಾಗ್ಯಾದ. ನಂಗ ಆರಾಮಿಲ್ಲೋ. ಡಾಕ್ಟರು..." ಅಷ್ಟಕ್ಕೇ ನಿಂತಿತು. ಎರಡನೆಯದನ್ನು ನಗುತ್ತಲೇ ಶುರು ಮಾಡಿದ್ದಳು: "ತಮ್ಮಾ, ಗಾಬರಿ ಆಗಬ್ಯಾಡ." ಕೊನೆಯದರಲ್ಲಿ ರೋಗದ ಹೆಸರನ್ನೂ ಹೇಳಿ, ಸ್ವಲ್ಪ ತಡೆದು, "ಹೀಂಗ ಹೇಳಿದ್ರ ಅವ ತಡಕೊಳ್ಳಲ್ಲ," ಎಂದು ತನ್ನಷ್ಟಕ್ಕೆ ಅಂದುಕೊಂಡಿದ್ದಳು.

ಫೈಲುಗಳ ತಾರೀಖು ನೋಡಿದರೆ ಅವೆಲ್ಲ ಅವಳು ತೀರಿಕೊಳ್ಳುವುದಕ್ಕೆ ಏಳು ತಿಂಗಳ ಮೊದಲಿನವು. ಆಮೇಲೂ ಪ್ರತಿ ರವಿವಾರ ರೈಲು ಹತ್ತಿ ವಾಡಿಯ ನಮ್ಮ ಮನೆಗೆ ಬಂದು, ಊಟ ಮಾಡಿ ಹೋಗುತ್ತಿದ್ದಳು. "ಯಾಕ ಇಷ್ಟು ಸೊರಗೀದಿ?" ಎಂದು ಒಮ್ಮೆ ಕೇಳಿದ್ದೆ. "ಬಿಸಿಲಿಗೋ," ಅಂದಿದ್ದಳು. ನಾನು ನಂಬಿದ್ದೆ.

"ಸಿಡಿಗೆ ಹಾಕಿ ಕೊಡ್ಲೇನ್ರಿ?" ಅಂಗಡಿಯವಳು ಮೆಲ್ಲಗೆ ಕೇಳಿದಳು. ತಲೆಯಾಡಿಸಿದೆ. ಫೋಟೊಗಳನ್ನೂ ಆಡಿಯೊಗಳನ್ನೂ ಹಾಕಿ ಕೊಟ್ಟಳು.

ಫೋಟೊಗಳನ್ನು ಅವ್ವನಿಗೆ ತೋರಿಸಿದೆ. ಆ ಮಾತುಗಳನ್ನು ಮಾತ್ರ ಕೇಳಿಸಲಾಗಲಿಲ್ಲ.