ಹುತ್ತಿನಿಂದ ಬಂದ ಕುರಿಗಳು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಭಾಲ್ಕಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಸಾಯಗಾಂವ ದಾಟಿ ಇನ್ನೊಂದಿಷ್ಟು ದೂರ ಹೋದರೆ ಸಿಗುವ ಊರು. ಹೆಸರು ಹೇಳದಿದ್ದರೂ ನಡೆಯುತ್ತದೆ. ನಮ್ಮ ಮನೆ ಬೀದರಿನ ಮೈಲೂರಿನಲ್ಲಿ. ಬೆಳಿಗ್ಗೆ ಭಾಲ್ಕಿಯ ತನಕ ಬಸ್ಸು, ಅಲ್ಲಿಂದ ಮಂದಿ ತುಂಬಿಕೊಂಡು ಓಡುವ ಟಂಟಂ ಆಟೋ. ಮೊಣಕಾಲ ಮೇಲೆ ನನ್ನ ಚೀಲ, ಚೀಲದ ಮೇಲೆ ಯಾರದೋ ಮಗು. ಈಗ ಮನೆಯಲ್ಲಿ ಕೂತು ನೆನೆದರೆ ಆ ಪ್ರಯಾಣದ ತ್ರಾಸು ನೆನಪಿಗೆ ಬರುವುದಿಲ್ಲ. ರಸ್ತೆಯ ಎರಡೂ ಬದಿಗೆ ಹೂಬಿಟ್ಟ ತೊಗರಿಯ ಹಳದಿ ಮಾತ್ರ ಬರುತ್ತದೆ.

ಆ ವರ್ಷ ಜೂನ್‌ನಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಕೊಂಚ ತೆಳ್ಳಗಾಗಿ ಬಂತು. ಮಕ್ಕಳ ಹೊರೆ ಇಳಿಸಲೆಂದು ಕೆಲವು ಭಾಗ ಕೈಬಿಟ್ಟಿದ್ದರು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯದಲ್ಲಿ ‘ಅನುವಂಶೀಯತೆ’ಯಷ್ಟೇ ಉಳಿದಿತ್ತು. ತಂದೆತಾಯಿಯ ಗುಣ ಮಕ್ಕಳಿಗೆ ಇಳಿದು ಬರುವುದು ಅನುವಂಶೀಯತೆ. ಹಾಗೆ ಇಳಿಯುವಾಗ ಆಗುವ ಸಣ್ಣ ಸಣ್ಣ ವ್ಯತ್ಯಾಸಗಳು ಲಕ್ಷಾಂತರ ವರ್ಷಗಳಲ್ಲಿ ಕೂಡುತ್ತ ಹೋಗಿ ಹೊಸ ಜೀವಜಾತಿಗಳೇ ಮೂಡುವುದು ಜೀವವಿಕಾಸ. ಬಿತ್ತನೆಯ ಮಾತು ಹೇಳಿ ಬೆಳೆಯ ಮಾತು ಬಿಟ್ಟ ಹಾಗಾಯಿತಲ್ಲ ಎನಿಸಿತು ನನಗೆ.

ಈ ಪಾಠಕ್ಕೆ ತಕರಾರು ಬರುವುದು ಹೊಸದಲ್ಲ. ನನ್ನ ಮೊದಲ ನೇಮಕ ಔರಾದ ತಾಲೂಕಿನಲ್ಲಾಗಿತ್ತು. ಮನೆಯಲ್ಲಿ ಮರಾಠಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು. ಅಲ್ಲಿಯೂ ಯಾರಾದರೊಬ್ಬ ತಂದೆ ಬಂದು, ಮನುಷ್ಯ ಮಂಗನಿಂದ ಹುಟ್ಟಿದ ಅಂತ ಹೇಳಿದಿರಂತೆ ಎಂದು ಕೇಳುತ್ತಿದ್ದರು. ನಾನು ಪುಸ್ತಕ ತೆರೆದು ತೋರಿಸುತ್ತಿದ್ದೆ. ಸರ್ಕಾರವೇ ಅಚ್ಚು ಹಾಕಿಸಿದ್ದು ಅಂದಮೇಲೆ ಅವರು ತಲೆಯಾಡಿಸಿ ಹೋಗುತ್ತಿದ್ದರು.

ನಮ್ಮ ಮುಖ್ಯೋಪಾಧ್ಯಾಯ ಶಿವರಾಜಪ್ಪನವರು ಒಳ್ಳೆಯ ಮನುಷ್ಯ. ಎಸೆಸೆಲ್ಸಿ ಫಲಿತಾಂಶದ ಚಿಂತೆ ಅವರಿಗೆ ಜೂನ್‌ನಿಂದಲೇ ಶುರುವಾಗುತ್ತಿತ್ತು. ಡಿಸೆಂಬರ್‌ನಲ್ಲಿ ಪಾಠಗಳೆಲ್ಲ ಮುಗಿದ ಮೇಲೆ ನಾನು ಅವರ ಕೋಣೆಗೆ ಹೋಗಿ, ಶನಿವಾರದ ಕೊನೆಯ ಅವಧಿಯಲ್ಲಿ ಜೀವವಿಕಾಸ ಹೇಳುತ್ತೇನೆ ಎಂದೆ.

“ಪರೀಕ್ಷಾದಾಗ ಬರಂಗಿಲ್ಲಲ್ರಿ ಅದು,” ಎಂದರು.

“ಬರಂಗಿಲ್ಲರಿ. ಪಿಯುಸಿ ಸೈನ್ಸ್‌ಗೆ ಹೋಗೂ ಹುಡುಗ್ರಿಗೆ ಅಲ್ಲಿ ಬರ್ತದ. ಹೋಗದವ್ರಿಗೆ ಮುಂದ ಯಾರೂ ಹೇಳಂಗಿಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೊದಲ ಯಾರರ ಬಂದ್ರ ಪುಸ್ತಕ ತೋರಸ್ತಿದ್ದಿರಿ ಸುಶೀಲಾಬಾಯಿ. ಈಗ ಏನ್ ತೋರಸ್ತೀರಿ?”

ಅವರು ಬೇಡ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಮೊದಲ ಶನಿವಾರ ಚೆನ್ನಾಗಿಯೇ ಹೋಯಿತು. ಮಂಗ ನಮ್ಮ ಮುತ್ತಜ್ಜನಲ್ಲ. ಮಂಗಕ್ಕೂ ನಮಗೂ ಎಣಿಕೆಗೆ ಸಿಗದಷ್ಟು ಹಿಂದೆ ಒಬ್ಬನೇ ಮುತ್ತಜ್ಜ ಇದ್ದ, ಆಮೇಲೆ ಮನೆತನ ಒಡೆಯಿತು ಎಂದು ಹೇಳಿದೆ. ಪಾಲುಹಂಚಿಕೆ ನೋಡಿ ಬೆಳೆದ ಮಕ್ಕಳಿಗೆ ಇದು ಕೂಡಲೇ ತಿಳಿಯುತ್ತದೆ. “ಹಂಗಾರ ಮಂಗ್ಯಾ ದೊಡ್ಡಪ್ಪನ ಕಡೆಯಂವ,” ಎಂದು ಹಿಂದಿನ ಬೆಂಚಿನ ಒಬ್ಬ ಹೇಳಿದ. ಎಲ್ಲರೂ ನಕ್ಕರು. ಎರಡನೆಯ ಬೆಂಚಿನ ಅಂಬಿಕಾ ಮಾತ್ರ ನಗಲಿಲ್ಲ. “ಕುರಿಗೂ ಹಂಗ ಮುತ್ತಜ್ಜ ಇದ್ದನೇನ್ರಿ ಟೀಚರ್?” ಎಂದು ಕೇಳಿದಳು. ಇದ್ದ, ಕಾಡುಕುರಿಗಳಿಂದ ಸಾಕುಕುರಿ ಬಂದವು ಎಂದೆ. ಅವಳು ತಲೆ ತಗ್ಗಿಸಿ ಏನೋ ಯೋಚಿಸುತ್ತ ಕೂತಳು.

ಸೋಮವಾರ ಅಂಬಿಕಾ ಬರಲಿಲ್ಲ. ಅವಳ ತಂದೆ ಮಾಳಪ್ಪ ಬಂದರು. ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ಅವರೇ ನಮ್ಮ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು. ಶಾಲೆಯ ಕಾಂಪೌಂಡಿಗಾಗಿ ಬೀದರಿನ ತನಕ ಅಡ್ಡಾಡಿದವರು. ಆ ದಿನ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಟೀಚರ್ರ, ನಾ ಡೊಳ್ಳಿನ ಹಾಡಿಕೀ ಮಾಡಾಂವ,” ಎಂದರು. “ನಮ್ಮಪ್ಪ ಹಾಡ್ದ, ಅವರಪ್ಪ ಹಾಡ್ದ. ಕುರಿ ಹುತ್ತಿನ ಒಳಗಿಂದ ಬಂದಾವ, ದೇವ್ರು ನಮ್ಮ ಹಿರೇರ ಕೈಯಾಗ ಕೊಟ್ಟಾನ ಅಂತದ ನಮ್ಮ ಹಾಡು. ನಿನ್ನಿ ಮಂದಿ ಮುಂದ ಹಾಡ್ಲಿಕ್ಕ ಕುಂತಾಗ ನಮ್ಮ ಹುಡುಗಿ, ಅಪ್ಪ ಈ ಹಾಡು ಸುಳ್ಳದ ಅಂದ್ಲು. ಮಂದಿ ನಕ್ಕರು.”

ನಾನು ಮಾತಾಡಲು ಹೋದೆ. ಅವರು ಕೈ ಎತ್ತಿದರು. ನಾನು ಕ್ರೈಸ್ತಳೆಂದು ಊರಿಗೆಲ್ಲ ಗೊತ್ತಿತ್ತು.

“ಇದು ನಿಮ್ಮ ಚರ್ಚಿನ ಮಾತದ. ಅಲ್ಲೇ ಹೇಳ್ರಿ. ಪುಸ್ತಕದಾಗ ಇಲ್ಲಂತ ಹುಡುಗ್ರ ಹೇಳ್ಯಾರ. ಬಿಇಒ ಸಾಹೇಬ್ರಿಗೆ ಅರ್ಜಿ ಕೊಡ್ತೇನಿ. ಆಕಿ ಇನ್ನ ಸಾಲಿಗಿ ಬರಂಗಿಲ್ಲ.”

ತಾಲೂಕಿನ ಶಿಕ್ಷಣಾಧಿಕಾರಿಗೆ ಅಧ್ಯಕ್ಷರೇ ಅರ್ಜಿ ಕೊಟ್ಟರೆ ನನ್ನನ್ನು ಇನ್ನೆಲ್ಲಿಗೋ ಕಳಿಸುತ್ತಿದ್ದರು. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಪರೀಕ್ಷೆಗೆ ಮೂರೇ ತಿಂಗಳಿತ್ತು. ಅಂಬಿಕಾ ತರಗತಿಯಲ್ಲಿ ಮೊದಲಿಗಳೇನಲ್ಲ; ಆದರೆ ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳುವ ಧೈರ್ಯ ಇದ್ದವಳು. ಡಿಸೆಂಬರ್‌ನಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳು ಮತ್ತೆ ಬಂದದ್ದನ್ನು ನಾನು ಹೆಚ್ಚು ನೋಡಿಲ್ಲ.

ಆ ವಾರವಿಡೀ ಅವಳ ಜಾಗ ಖಾಲಿ ಇತ್ತು. ಶಿವರಾಜಪ್ಪನವರು, “ಇನ್ನು ಹೇಳಂಗಿಲ್ಲ ಅಂತ ಒಂದು ಮಾತು ಅಂದುಬಿಡ್ರಿ, ಮುಗೀತದ,” ಎಂದರು. ಸೋಮವಾರದ ತನಕ ಸಮಯ ಕೇಳಿದೆ.

ಭಾನುವಾರ ಬೀದರಿನಲ್ಲಿ ಇನ್ನೊಂದು ತಕರಾರು ಕಾದಿತ್ತು. ನಮ್ಮದು ಮಿಷನ್ ಕಾಲದಿಂದ ಬಂದ ಮೆಥಡಿಸ್ಟ್ ಮನೆತನ. ಕ್ರಿಸ್‌ಮಸ್ ಹತ್ತಿರವಿತ್ತು, ಸಂಡೇ ಸ್ಕೂಲಿನ ಮಕ್ಕಳಿಗೆ ಹಾಡು ಕಲಿಸುವುದು ನನ್ನ ಪಾಲಿನ ಕೆಲಸ. ಊರಿನ ಸುದ್ದಿ ಹೇಗೋ ಇಲ್ಲಿಗೂ ಬಂದಿತ್ತು. ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, ದೇವರು ಮನುಷ್ಯನನ್ನು ತನ್ನ ಕೈಯಿಂದ ಮಾಡಿದ ಎಂದು ಇಲ್ಲಿ ಕಲಿಸಿ ಅಲ್ಲಿ ಬೇರೆ ಕಲಿಸಿದರೆ ಹೇಗಮ್ಮ, ಈ ವರ್ಷ ಮಕ್ಕಳನ್ನು ಬೇರೆಯವರು ನೋಡಿಕೊಳ್ಳಲಿ ಎಂದರು. ಹಳ್ಳಿಯವರ ಪ್ರಕಾರ ಅದು ಚರ್ಚಿನ ಪಾಠ. ಚರ್ಚಿನವರ ಪ್ರಕಾರ ಅದು ಚರ್ಚಿಗೆ ವಿರುದ್ಧ. ದಾರಿಯಲ್ಲಿ ನನಗೆ ನಗು ಬಂತು, ಮನೆಗೆ ಬಂದಮೇಲೆ ಅಳು.

ಆಗ ಪಪ್ಪಾ ಇದ್ದರು. ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿ ದುಡಿದವರು, ಎಂಬತ್ತು ದಾಟಿತ್ತು. ಅಂಗಳದ ಬಿಸಿಲಿನಲ್ಲಿ ಕೂತು ಎಲ್ಲ ಕೇಳಿದರು. “ದವಾಖಾನ್ಯಾಗ ನಾ ದಿನಾ ಮುಂಜಾನೆ ಪ್ರಾರ್ಥನಾ ಮಾಡ್ತಿದ್ದೆ. ಸೂಜಿನೂ ಕುದಸ್ತಿದ್ದೆ. ಪ್ರಾರ್ಥನಾ ಮಾಡೇನಂತ ಸೂಜಿ ಕುದಸೂದು ಬಿಟ್ಟಿಲ್ಲ ಮಗಾ,” ಎಂದರು. ಕಾಲು ಬಿಸಿಲಿಗೆ ಚಾಚಿ, “ಸೂಜಿ ಕುದಸ್ತೇನಂತ ಪ್ರಾರ್ಥನಾನೂ ಬಿಟ್ಟಿಲ್ಲ,” ಎಂದರು. ನನ್ನ ಇಷ್ಟು ವರ್ಷದ ಓದು ನನಗೆ ಹೇಳದ ಸಮಾಧಾನವನ್ನು ಆ ಮಾತು ಹೇಳಿತು.

ಸೋಮವಾರ ಶಾಲೆ ಬಿಟ್ಟಮೇಲೆ ನಾನು ಮಾಳಪ್ಪನವರನ್ನು ಹುಡುಕಿಕೊಂಡು ಹೋದೆ. ಸೋಯಾ ಕೊಯ್ದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಅವರ ಹಿಂಡು ನಿಲ್ಲಿಸಿದ್ದರು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಅಂಬಿಕಾ ಬಲೆಯ ಬೇಲಿ ಬಿಗಿಯುತ್ತಿದ್ದಳು. ನನ್ನನ್ನು ಕಂಡು ಕೆಲಸ ನಿಲ್ಲಿಸಿದಳು, ಹತ್ತಿರ ಬರಲಿಲ್ಲ. ಅವಳ ಅಜ್ಜಿ ಕರಿ ಕಂಬಳಿ ಹಾಸಿ ಕೂತಿದ್ದರು. “ಕೂಡು ಯವ್ವಾ,” ಎಂದು ಪಕ್ಕದಲ್ಲಿ ಜಾಗ ಮಾಡಿದರು.

ಮಾಳಪ್ಪ ದೂರದಲ್ಲೇ ನಿಂತಿದ್ದರು. ನಾನು ಹೇಳಬೇಕೆಂದಿದ್ದುದನ್ನು ಹೇಳಿದೆ.

“ನಾನೂ ಭಾನುವಾರ ಹಾಡ್ತೇನ್ರಿ ಮಾಳಪ್ಪನವ್ರ. ನಮ್ಮ ಶಾಸ್ತ್ರದಾಗ ಆರು ದಿನದಾಗ ಲೋಕ ಆಗ್ಯದ, ಮಣ್ಣಿನಿಂದ ಮನುಷ್ಯಾನ ಮಾಡ್ಯಾನ ದೇವ್ರು. ಸಾಲ್ಯಾಗ ಹೇಳೂದು ಅದಲ್ಲ. ಅದಕ್ಕ ನಮ್ಮ ಚರ್ಚಿನವ್ರೂ ನನ್ನ ಮ್ಯಾಲ ಸಿಟ್ಟಾಗ್ಯಾರ.”

ಅವರು ಎರಡು ಹೆಜ್ಜೆ ಮುಂದೆ ಬಂದರು. “ಹಂಗಾರ ಇದು ನಿಮ್ಮ ಚರ್ಚಿನ ಮಾತಲ್ಲೇನು?”

“ಅಲ್ಲರಿ.”

“ಮತ್ತ ನಿಮ್ಮ ಹಾಡು ಬಿಟ್ಟೀರೇನು?”

“ಬಿಟ್ಟಿಲ್ಲರಿ. ಬಿಡಂಗೂ ಇಲ್ಲ.”

ಅವರು ಬಂದು ಕಂಬಳಿಯ ಅಂಚಿನಲ್ಲಿ ಕೂತರು. ಸುಮ್ಮನಿರಲಾರದೆ ನಾನು, ಹಿಂಡೆಲ್ಲ ಕೆಂಪು ಕುರಿ, ಕಂಬಳಿ ಮಾತ್ರ ಕರಿದು, ಈ ಉಣ್ಣೆ ಎಲ್ಲಿಯದು ಎಂದು ಕೇಳಿದೆ. ಪಾಠದ ಯೋಚನೆಯಿಂದ ಕೇಳಿದ್ದಲ್ಲ.

ಆ ಕಂಬಳಿ ಅಜ್ಜಿಯ ಮದುವೆಯ ಕಾಲದ್ದಂತೆ. ಆಗ ಹಿಂಡೆಲ್ಲ ಕಪ್ಪು, ಮೈತುಂಬ ಉಣ್ಣೆ. ಆಮೇಲೆ ಉಣ್ಣೆ ಕೊಳ್ಳುವವರು ಇಲ್ಲವಾದರು. ಸಂತೆಯಲ್ಲಿ ಎತ್ತರದ, ಮಾಂಸದ ಕುರಿ ಕೇಳತೊಡಗಿದರು. “ಹಂಗಂತ ಉದ್ದ ಕಾಲಿನ ಕೆಂಪ ಟಗರು ತಂದು ಬಿಟ್ಟೆ. ವರ್ಷಾ ವರ್ಷಾ ಅಂಥಾ ಮರಿ ಇಟಗೊಂಡೆ, ಕರೀವು ಮಾರಿದೆ. ನಮ್ಮಪ್ಪ ಎದ್ದು ಬಂದ್ರ ಇವು ನಮ್ಮ ಕುರಿ ಅಂತ ಗುರ್ತಾ ಹಿಡೀಲಿಕ್ಕಿಲ್ಲ,” ಎಂದರು ಮಾಳಪ್ಪ. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆ, ಸ್ವಲ್ಪ ಬೇಸರ ಎರಡೂ ಇದ್ದವು.

ಇದೇ ನೋಡಿ ನಾನು ಹೇಳಿದ್ದು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಗೆಲ್ಲಲು ಬಂದವಳ ಮಾತಾಗುತ್ತದೆ ಅನಿಸಿ ಸುಮ್ಮನಾದೆ. ಆಗ ಬೇಲಿಯ ಹತ್ತಿರವಿದ್ದ ಅಂಬಿಕಾ, ನನ್ನನ್ನಲ್ಲ, ಅಪ್ಪನನ್ನು ಕೇಳಿದಳು.

“ಅಪ್ಪ, ನಮ್ಮ ಟಗರು ನೀ ಆರಸ್ತಿ. ಅಡವ್ಯಾಗ ಚಿಗರಿ ಅವಲ್ಲ, ಅವನ್ನ ಯಾರು ಆರಸ್ತಾರ?”

ನಮ್ಮ ಕಡೆ ಹೊಲಗಳಲ್ಲಿ ಕೃಷ್ಣಮೃಗಗಳು ಓಡಾಡುತ್ತವೆ, ಅವನ್ನೇ ಚಿಗರಿ ಅನ್ನುವುದು. ಉತ್ತರ ಕೊಟ್ಟವರು ಅಜ್ಜಿ.

“ತೋಳ,” ಎಂದರು. “ಓಡಲಾರದ್ದು ತೋಳದ ಬಾಯಿಗಿ. ಓಡಿದ್ದು ಮರಿ ಹಾಕ್ತದ.”

ನೈಸರ್ಗಿಕ ಆಯ್ಕೆ ಎಂದು ವಿಜ್ಞಾನ ಹೇಳುವುದು ಇದನ್ನೇ. ಯಾರೂ ಕೂತು ಆರಿಸುವುದಿಲ್ಲ. ಬದುಕಿ ಉಳಿದದ್ದರ ಗುಣ ಮರಿಗೆ ಹೋಗುತ್ತದೆ. ಆದರೆ ಆ ಹೆಸರನ್ನು ನಾನು ಅಲ್ಲಿ ಹೇಳಲಿಲ್ಲ.

ಮಾಳಪ್ಪ, “ಕುರಿ ಮಾತು ಬ್ಯಾರೆ, ಮನುಷ್ಯಾನ ಮಾತು ಬ್ಯಾರೆ,” ಎಂದರು.

“ನೀವು ಒಪ್ಪಬೇಕಂತ ಬಂದಿಲ್ಲರಿ. ಆಕಿ ಕೇಳ್ಬೇಕು, ಅಷ್ಟ.”

“ಕೇಳಬ್ಯಾಡ ಅಂತ ನಾ ಎಂದ ಅಂದೇನು?” ಎಂದು ಎದ್ದರು. ಹೋಗುವಾಗ ಮಗಳ ಕಡೆ ನೋಡದೆ, “ಖರೆ, ಮಂದಿ ಮುಂದ ಅಪ್ಪಗ ಸುಳ್ಳ ಅನ್ನಬಾರ್ದು,” ಎಂದರು.

“ಅದು ತಪ್ಪ ಅದ. ನಾನೂ ಹೇಳ್ತೇನ್ರಿ ಆಕಿಗೆ,” ಎಂದೆ. ಅಂಬಿಕಾ ಬಲೆಯ ಗಂಟನ್ನೇ ನೋಡುತ್ತ ನಿಂತಿದ್ದಳು, ಕಣ್ಣು ತುಂಬಿದ್ದವು.

ಗುರುವಾರ ಅವಳು ಶಾಲೆಗೆ ಬಂದಳು. ಜೊತೆಗೆ ಬಂದ ಮಾಳಪ್ಪ ಶಿವರಾಜಪ್ಪನವರ ಮುಂದೆ, ಅರ್ಜಿ ಕೊಡುವುದಿಲ್ಲ, ಮಂಗನ ಮಾತು ಒಪ್ಪುವುದೂ ಇಲ್ಲ ಎಂದು ಹೇಳಿ, ಶನಿವಾರ ತಾವೂ ಹಿಂದೆ ಕೂತು ಕೇಳುವುದಾಗಿ ತಿಳಿಸಿದರು. ಹೇಳಿದಂತೆ ಬಂದರು. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತರು. ಚಿಗರಿ, ತೋಳದ ಮಾತು ಬರುವ ತನಕ ಎಚ್ಚರವಿದ್ದರು. ಆಮೇಲೆ ಕಪ್ಪುಹಲಗೆಯ ಮೇಲೆ ನಾನು ಚಿತ್ರ ಬರೆದು ತಿರುಗುವಷ್ಟರಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದರು. ಹಿಂಡು ಕಾಯುವವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು. ಮಕ್ಕಳು ತಾವಾಗಿಯೇ ದನಿ ತಗ್ಗಿಸಿ ಮಾತಾಡಿದರು. ನಾನೂ ಉಳಿದ ಪಾಠವನ್ನು ಮೆಲ್ಲಗೇ ಹೇಳಿದೆ. ನನ್ನ ವೃತ್ತಿಯಲ್ಲಿ ಅಷ್ಟು ಶಾಂತವಾದ ತರಗತಿ ಇನ್ನೊಂದಿಲ್ಲ.

ಚರ್ಚಿನಲ್ಲಿ ಆ ವರ್ಷ ಮಕ್ಕಳಿಗೆ ಬೇರೆಯವರೇ ಹಾಡು ಕಲಿಸಿದರು. ಮರುವರ್ಷ ಅವರು ಮದುವೆಯಾಗಿ ಹೈದರಾಬಾದಿಗೆ ಹೋದಾಗ ಹಿರಿಯರು ಮತ್ತೆ ನನ್ನನ್ನೇ ಕರೆದರು. ಹಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಪ್ಪಾ ತೀರಿಕೊಂಡದ್ದು ಅದೇ ಚಳಿಗಾಲದಲ್ಲಿ.

ಅಂಬಿಕಾ ಪಾಸಾದಳು. ಭಾಲ್ಕಿಯಲ್ಲಿ ಪಿಯುಸಿ ಸೈನ್ಸ್ ಸೇರಿದಳು. ಈಚೆಗೆ ಬೀದರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನ ಕೈಯಿಂದ ತರಕಾರಿ ಚೀಲ ಇಸಿದುಕೊಂಡು ಮಾತಿಗೆ ನಿಂತಳು. ಅಪ್ಪ ಹೇಗಿದ್ದಾರೆ ಎಂದರೆ, “ಅರಾಮ ಇದ್ದಾರ್ರಿ. ಹಾಡ್ತಾರ. ಈಗ ನಾನೂ ಹಿಂದ ದನಿ ಕೂಡಸ್ತೇನಿ,” ಎಂದಳು. ಮತ್ತೆ ತಡೆಯದೆ, “ಟೀಚರ್, ಹೊಲದಾಗ ನವಿಲು ಭಾಳ ಆಗ್ಯಾವ. ಅಷ್ಟು ಉದ್ದ ಗರಿ ಹೊತ್ತು ಓಡಲಿಕ್ಕ ಬರಂಗಿಲ್ಲ, ನಾಯಿ ಹಿಡೀತಾವ. ಹಂಗಿದ್ರೂ ಆ ಗರಿ ಹ್ಯಾಂಗ ಉಳದಾವ?” ಎಂದು ಕೇಳಿದಳು.

ನನಗೆ ಉತ್ತರ ಗೊತ್ತಿತ್ತು: ಅಲ್ಲಿ ಆರಿಸುವುದು ಹೆಣ್ಣು ನವಿಲು, ಚೆಂದದ ಗರಿಯ ಗಂಡನ್ನೇ ಅದು ಕೂಡುತ್ತದೆ. ಅದನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆ ಪ್ರಶ್ನೆಯನ್ನು ಮಾತ್ರ ಒಂದು ಮಗುವೂ ನನಗೆ ಕೇಳಿರಲಿಲ್ಲ, ಅವರು ಕೇಳುವ ಮೊದಲೇ ನಾನು ಹೇಳಿ ಮುಗಿಸಿರುತ್ತಿದ್ದೆ. ವಿಜ್ಞಾನದ ಶಿಕ್ಷಕಿಯ ಕೈಯಲ್ಲಿ ಉತ್ತರಗಳು ಬೇಕಾದಷ್ಟು ಇರುತ್ತವೆ, ಪ್ರಶ್ನೆಯನ್ನು ಮಾತ್ರ ಮಗು ತನ್ನ ಹೊಲದಿಂದಲೇ ತರಬೇಕು, ಅಲ್ಲಿಯ ತನಕ ಕಾಯುವುದೇ ಕೆಲಸ ಎಂದು ನಾನು ಕಲಿತದ್ದು ಸೇವೆಯ ತೀರಾ ಕೊನೆಗೆ.

“ನಿನಗೇನ ಅನಸ್ತದ?” ಎಂದು ಕೇಳಿದೆ.

ಭಾಲ್ಕಿಯ ಬಸ್ಸು ಬಂದು ನಿಂತಿತು. ಅಂಬಿಕಾ ಹತ್ತಲಿಲ್ಲ. ಚೀಲವನ್ನು ಕೆಳಗಿಟ್ಟು, ಯೋಚಿಸತೊಡಗಿದಳು.