ನಾಲ್ಕು ಹಲ್ಲು, ಐದು ಹಲ್ಲು

ಕುವೈತಿನ ಸಬ್ಹಾನ್ ಎಂಬಲ್ಲಿರುವ ನಮ್ಮ ವರ್ಕ್‌ಶಾಪಿನ ಫೋರ್‌ಮನ್ನರನ್ನು ಕಂಡರೆ ನನಗೆ ಆಗುವುದಿಲ್ಲ. ಅವರಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಚಹಾ ಕುಡಿದೆವು ಎಂಬ ಆಸೆ ಯಾರಿಗೂ ಬೇಡ.

ಅವರು ಉಡುಪಿ ಕಡೆಯವರು, ಮನೆಮಾತು ತುಳು. ಐಟಿಐ ಮುಗಿಸಿ, ಊರಲ್ಲೇ ಹತ್ತು ವರ್ಷ ದುಡಿದು, ಮೂವತ್ತು ವರ್ಷಗಳ ಹಿಂದೆ ಕುವೈತಿಗೆ ಬಂದವರು. ನಾನು ಮಂಡ್ಯದವನು, ಮೆಕ್ಯಾನಿಕಲ್ ಇಂಜಿನಿಯರ್. ಹಳೇ ಮಷೀನುಗಳ ಮುರಿದ ಗೇರುಗಳನ್ನು ಅಳೆದು, ಅಂಥದೇ ಹೊಸದನ್ನು ಮಾಡಿಕೊಡುವುದು ನಮ್ಮ ಕಸುಬು. ನಾನು ಎಸಿ ಕ್ಯಾಬಿನ್ನಿನಲ್ಲಿ ಕೂತು ಲೆಕ್ಕ ಹಾಕಿ ಡ್ರಾಯಿಂಗ್ ಮಾಡುತ್ತೇನೆ. ಅವರು ಹೊರಗೆ ಕಾದ ತಗಡಿನ ಕೆಳಗೆ ನಿಂತು ಹಲ್ಲು ಕಟ್ ಮಾಡಿಸುತ್ತಾರೆ.

ನಾಲ್ಕು ವರ್ಷಗಳ ಹಿಂದೆ ನಾನು ಸೇರಿದ ಮೊದಲ ದಿನ ಅವರು ಕೈ ಒರೆಸಿಕೊಳ್ಳುತ್ತಾ ಕ್ಯಾಬಿನ್ನಿಗೆ ಬಂದು, ಮುಖ ಅರಳಿಸಿಕೊಂಡು, ಊರು ಎಲ್ಲಾಯ್ತು ಎಂದು ಕನ್ನಡದಲ್ಲಿ ಕೇಳಿದ್ದರು. ಅಷ್ಟು ವರ್ಷಗಳಲ್ಲಿ ಆ ವರ್ಕ್‌ಶಾಪಿಗೆ ಬಂದ ಮೊದಲ ಕನ್ನಡದವನು ನಾನೇ ಅಂತೆ. ನಾನು ಹಿಂದಿಯಲ್ಲಿ ಉತ್ತರ ಕೊಟ್ಟೆ. ನಮ್ಮವರಿಗೆ ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಎಂದು ಹಿಂದಿನ ಕಂಪನಿಯಲ್ಲಿ ಯಾರೋ ಹೇಳಿದ್ದನ್ನು ನಾನು ವೇದವಾಕ್ಯ ಮಾಡಿಕೊಂಡಿದ್ದೆ. ಅದು ನೆಪ, ನಿಜ ಬೇರೆ. ಎಣ್ಣೆ ಮೆತ್ತಿದ ಬನಿಯನ್ನಿನ ಮನುಷ್ಯ ನನ್ನನ್ನು ಸಮಾನನಂತೆ ಮಾತಾಡಿಸಿದ್ದು ನನಗೆ ಹಿಡಿಸಲಿಲ್ಲ. ಅವತ್ತು ಸಂಜೆ ಮನೆಗೆ ಹೋಗಿ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳೆಂದು ಮಗಳನ್ನು ಗದರಿಸಿ, ಕನ್ನಡ ಮಾತಾಡೋಕೆ ಏನು ಕಷ್ಟ ನಿನಗೆ ಎಂದು ಕೇಳಿದವನೂ ನಾನೇ.

ಅವರು ಮಾತ್ರ ಕನ್ನಡ ಬಿಡಲಿಲ್ಲ. ನಾನು ಹಿಂದಿಯಲ್ಲಿ ಹೇಳುವುದು, ಅವರು ಕನ್ನಡದಲ್ಲಿ ಮರುಮಾತಾಡುವುದು, ನಾಲ್ಕು ವರ್ಷ ಹೀಗೇ ನಡೆಯಿತು. ಮೊದಲ ವರ್ಷ ಪ್ರೀತಿಯಿಂದ ಮಾತಾಡಿದರು, ಆಮೇಲೆ ಹಟದಿಂದ. ಬರಬರುತ್ತಾ ಆ ಕನ್ನಡದಲ್ಲಿ ವಿಷ ಸೇರಿಕೊಂಡಿತು. ಮೂರು ಗೇರುಗಳ ಸಾಲಿನಲ್ಲಿ ನಡುವಿನದಕ್ಕೆ ಐಡ್ಲರ್ ಎನ್ನುತ್ತಾರೆ. ಅದಕ್ಕೆ ಎಷ್ಟು ಹಲ್ಲಿದ್ದರೂ ಮೊದಲನೆಯ ಗೇರಿಗೂ ಕೊನೆಯದಕ್ಕೂ ಇರುವ ವೇಗದ ಅನುಪಾತ ಬದಲಾಗುವುದಿಲ್ಲ. ಗುಣಿಸಿದ್ದು ಭಾಗಿಸುವಾಗ ಹೊಡೆದುಹೋಗುತ್ತದೆ. ಒಮ್ಮೆ ಎಲ್ಲರೆದುರು ಫೋರ್‌ಮನ್ ನನ್ನತ್ತ ತಿರುಗಿ, "ನೀವು ನಮ್ಮ ಐಡ್ಲರ್ ಅಲ್ವಾ ಇಂಜಿನಿಯರ್ರೆ, ನಡುವೆ ಕೂತು ತಿರುಗ್ತಾ ಇರುವುದು, ಲೆಕ್ಕಕ್ಕೆ ಬರುವುದಿಲ್ಲ" ಎಂದರು. ಉಳಿದವರಿಗೆ ಕನ್ನಡ ಬಾರದೆ ನನ್ನ ಮಾನ ಉಳಿಯಿತು. ಆದರೆ ಆ ಮಾತನ್ನು ನಾನು ಮರೆಯಲಿಲ್ಲ.

ಹೋದ ಆಗಸ್ಟಿನಲ್ಲಿ ಸುಲೈಬಿಯಾದ ಒಂದು ರೊಟ್ಟಿ ಕಾರ್ಖಾನೆಯಿಂದ ಮುರಿದ ಗೇರೊಂದು ಬಂತು. ಹಿಟ್ಟನ್ನು ಉಂಡೆ ಉಂಡೆಯಾಗಿ ಕತ್ತರಿಸುವ ಹಳೇ ಮಷೀನಿನದು. ನಲವತ್ತೆಂಟು ಹಲ್ಲು, ಅದರಲ್ಲಿ ಆರು ಹಾರಿಹೋಗಿದ್ದವು. ಇಪ್ಪತ್ತನಾಲ್ಕು ಹಲ್ಲಿನ ಚಿಕ್ಕ ಗೇರೊಂದು ಇದನ್ನು ತಿರುಗಿಸುತ್ತದಂತೆ, ಅದು ಮಷೀನಿನಲ್ಲೇ ಉಳಿದಿತ್ತು. ಹೋಗಿ ನೋಡಿ ಅಳೆದು ಬರಬಹುದಿತ್ತು. ಆದರೆ ಆ ಬಿಸಿಲಿನಲ್ಲಿ ಸುಲೈಬಿಯಾಕ್ಕೆ ಯಾರು ಹೋಗುತ್ತಾರೆ? ನಾನಂತೂ ಹೋಗಲಿಲ್ಲ.

ಗೇರಿನ ಹಲ್ಲಿನ ಗಾತ್ರ ಕಂಡುಹಿಡಿಯಲು ಕಾಲೇಜಿನಲ್ಲಿ ಹೇಳಿಕೊಡುವ ಸುಲಭದ ದಾರಿಯೊಂದಿದೆ. ಹೊರಗಿನ ವ್ಯಾಸವನ್ನು ಅಳೆದು, ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸಿ ಅದರಿಂದ ಭಾಗಿಸಬೇಕು. ಬರುವ ಉತ್ತರಕ್ಕೆ ಮಾಡ್ಯೂಲ್ ಎನ್ನುತ್ತಾರೆ. ನನಗೆ ವ್ಯಾಸ ನೂರ ಇಪ್ಪತ್ತಾರು ಪಾಯಿಂಟ್ ಮೂರು ಮಿಲಿಮೀಟರ್ ಸಿಕ್ಕಿತು. ಐವತ್ತರಿಂದ ಭಾಗಿಸಿದರೆ ಎರಡೂವರೆಗಿಂತ ಕೂದಲೆಳೆಯಷ್ಟು ಹೆಚ್ಚು. ಮಾಡ್ಯೂಲ್ ಎರಡೂವರೆಯ ಗೇರಾದರೆ ವ್ಯಾಸ ಸರಿಯಾಗಿ ನೂರ ಇಪ್ಪತ್ತೈದು ಇರಬೇಕಿತ್ತು. ಇಲ್ಲಿ ಒಂದು ಚಿಲ್ಲರೆ ಮಿಲಿಮೀಟರ್ ಜಾಸ್ತಿ. ಓದಿಲ್ಲದವನಾಗಿದ್ದರೆ ಇಲ್ಲೇನೋ ಸರಿಯಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ನಾನು ಓದಿದವನಲ್ಲವೇ? ಬೇಕೆಂದೇ ಹಲ್ಲನ್ನು ಸ್ವಲ್ಪ ಹೊರಗೆ ಸರಿಸಿ ಕಟ್ ಮಾಡುವ ಪದ್ಧತಿಯೊಂದು ಪುಸ್ತಕದಲ್ಲಿತ್ತು. ಇದೂ ಅಂಥದೇ ಎಂದು ತೀರ್ಮಾನಿಸಿ, ಹೆಚ್ಚುವರಿಗೆ ಒಂದು ಗುಣಾಂಕವನ್ನೂ ಹುಡುಕಿ ಕೂರಿಸಿದೆ. ನನ್ನ ಜಾಣತನಕ್ಕೆ ನಾನೇ ಮನಸೋತೆ.

ಅವತ್ತೇ ಮಧ್ಯಾಹ್ನ ಫೋರ್‌ಮನ್ ಬಂದು ನನ್ನ ಟೇಬಲ್ಲಿನ ಮೇಲೆ ಒಂದು ರಟ್ಟಿನ ಚೂರು ಇಟ್ಟರು. ಬೇರಿಂಗ್ ಬಂದ ಡಬ್ಬಿಯನ್ನು ಹರಿದದ್ದು. ಅವರು ಕಾಗದದ ಮೇಲೆ ಏನನ್ನೂ ಬರೆಯುವುದಿಲ್ಲ, ಎಣ್ಣೆ ಕೈಗೆ ಕಾಗದ ಹರಿಯುತ್ತದಂತೆ, ಎಲ್ಲವೂ ರಟ್ಟಿನ ಮೇಲೆಯೇ. ಅವರ ಅಳತೆಯ ರೀತಿ ಬೇರೆ. ಹಲ್ಲಿನ ತುದಿ ಸವೆದಿರುತ್ತದೆ, ಅದನ್ನು ನಂಬಬಾರದು ಎನ್ನುತ್ತಾರೆ. ವರ್ನಿಯರಿನ ಎರಡು ದವಡೆಗಳ ನಡುವೆ ನಾಲ್ಕು ಹಲ್ಲು ಹಿಡಿದು ಒಮ್ಮೆ ಅಳೆಯುತ್ತಾರೆ, ಐದು ಹಲ್ಲು ಹಿಡಿದು ಇನ್ನೊಮ್ಮೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಒಂದು ಹಲ್ಲಿನ ನಿಜವಾದ ಹೆಜ್ಜೆ ಸಿಗುತ್ತದೆ. ತುದಿ ಎಷ್ಟು ಸವೆದಿದ್ದರೂ ಆ ವ್ಯತ್ಯಾಸ ಸುಳ್ಳು ಹೇಳುವುದಿಲ್ಲ. ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಹೀಗಿತ್ತು: 4 ಹಲ್ಲು 27.64, 5 ಹಲ್ಲು 35.36, ವ್ಯತ್ಯಾಸ 7.72. ಅದರ ಕೆಳಗೆ, ಡಿಪಿ 10, ಅಂದರೆ ವ್ಯಾಸದ ಒಂದೊಂದು ಇಂಚಿಗೆ ಹತ್ತು ಹಲ್ಲು.

"ಇದು ಮಾಡ್ಯೂಲ್ ಅಲ್ಲ. ಹಳೇ ಅಮೇರಿಕದ ಮಷೀನ್, ಇಂಚಿನ ಲೆಕ್ಕ. ಒಮ್ಮೆ ಟೇಬಲ್ ನೋಡಿ" ಎಂದರು.

ನಾನು ಹಿಂದಿಯಲ್ಲಿ, ಇಟ್ಟು ಹೋಗಿ, ನೋಡುತ್ತೇನೆ ಎಂದೆ. ನೋಡಲಿಲ್ಲ. ಚಹಾ ಬಂದಾಗ ಲೋಟದ ಬಿಸಿ ಟೇಬಲ್ಲಿಗೆ ತಾಗದಿರಲೆಂದು ಅಡಿಗೆ ಆ ರಟ್ಟನ್ನು ಇಟ್ಟೆ. ಅಂದಿನಿಂದ ಅದು ಅಲ್ಲೇ ಉಳಿಯಿತು.

ಡ್ರಾಯಿಂಗ್ ಹೊರಗೆ ಹೋಯಿತು. ನಮ್ಮಲ್ಲಿ ಪ್ರತಿ ಡ್ರಾಯಿಂಗಿನ ಮೂಲೆಯಲ್ಲಿ ಫೋರ್‌ಮನ್ ಸಹಿಗೊಂದು ಚೌಕ ಇರುತ್ತದೆ. ಅವರು ಮಾಡ್ಯೂಲ್ ಎರಡೂವರೆ ಎಂಬುದನ್ನು ನೋಡಿ, ನನ್ನನ್ನು ನೋಡಿ, ಸಹಿ ಹಾಕಿದರು. ಗೇರು ಆಯಿತು, ಹೋಯಿತು, ಕೂತಿತು, ತಿರುಗಿತು. ಇಪ್ಪತ್ತನಾಲ್ಕಕ್ಕೆ ನಲವತ್ತೆಂಟು, ವೇಗ ಸರಿಯಾಗಿ ಅರ್ಧ. ಹಲ್ಲುಗಳ ಸಂಖ್ಯೆ ಸರಿಯಿದ್ದ ಮೇಲೆ ಸುತ್ತಿನ ಲೆಕ್ಕ ತಪ್ಪುವುದೇ ಇಲ್ಲ. ಹಿಟ್ಟಿನ ಉಂಡೆಗಳು ಎಷ್ಟು ಬೀಳಬೇಕೋ ಅಷ್ಟೇ ಬಿದ್ದವು. ಆದರೆ ಒಂದೊಂದು ಹಲ್ಲೂ ತಾನು ಮುಟ್ಟಬೇಕಾದ ಜಾಗಕ್ಕೆ ಹೊತ್ತು ತಪ್ಪಿ ಬಂದು ಎದುರಿನ ಹಲ್ಲಿಗೆ ಗುದ್ದುತ್ತಿತ್ತು. ಸದ್ದು ಜಾಸ್ತಿ ಎಂದು ಕಾರ್ಖಾನೆಯವರು ಫೋನ್ ಮಾಡಿದಾಗ, ಹೊಸದು, ಪಳಗಲಿ ಎಂದೆ. ಮೂರನೆಯ ದಿನ ಹೊಸ ಗೇರಿನ ಹಲ್ಲು ಕಿತ್ತುಹೋಯಿತು. ಜೊತೆಗೆ ಅವರ ಚಿಕ್ಕ ಗೇರನ್ನೂ ಹಾಳುಮಾಡಿತು.

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ನಮ್ಮಿಬ್ಬರನ್ನೂ ಕರೆಸಿದರು. ಅವರಿಗೆ ಗೇರೂ ತಿಳಿಯದು, ಹಲ್ಲೂ ತಿಳಿಯದು. ಬೈಯಲು ಒಂದು ತಲೆ ಬೇಕು ಅಷ್ಟೇ. ಡ್ರಾಯಿಂಗ್ ಸರಿಯಿದೆ, ಕಟಿಂಗ್‌ನಲ್ಲಿ ಏನೋ ಆಗಿರಬೇಕು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಗ ಫೋರ್‌ಮನ್ ತಮ್ಮ ಹರಕು ಇಂಗ್ಲಿಷಿನಲ್ಲಿ, ಇದು ತಪ್ಪು ಎಂದು ತಾವು ಮೊದಲೇ ರಟ್ಟಿನ ಮೇಲೆ ಬರೆದು ಇವರಿಗೆ ಕೊಟ್ಟಿದ್ದಾಗಿ ಹೇಳಿದರು. ಮುದೀರ್ ನನ್ನ ಮುಖ ನೋಡಿದರು.

ನಾನು ಫೋರ್‌ಮನ್ ಕಡೆ ತಿರುಗಿ, "ಯಾವ ರಟ್ಟು?" ಎಂದೆ.

ಆಮೇಲೆ ಮುದೀರ್‌ಗೆ ಇಂಗ್ಲಿಷಿನಲ್ಲಿ, ಅಂಥದ್ದೇನೂ ನನ್ನ ಕೈಗೆ ಬಂದಿಲ್ಲ ಎಂದೆ. ರಟ್ಟು ಗೋಡೆಯ ಆಚೆ, ನನ್ನ ಟೇಬಲ್ಲಿನ ಮೇಲೆ, ಚಹಾ ಲೋಟದ ಅಡಿಯಲ್ಲಿತ್ತು. ಮರೆತಿರಲಿಲ್ಲ. ಗೊತ್ತಿದ್ದೇ ಹೇಳಿದೆ. ನನ್ನ ಲೆಕ್ಕ ತಪ್ಪಿದೆಯೆಂದು ಆಗಿನ್ನೂ ತಿಳಿದಿರಲಿಲ್ಲ, ಈ ಮನುಷ್ಯನ ಎದುರು ಒಮ್ಮೆಯಾದರೂ ಗೆಲ್ಲಬೇಕಿತ್ತು, ಅಷ್ಟೇ.

ಫೋರ್‌ಮನ್ನರಿಗೆ ಅರವತ್ತು ದಾಟಿತ್ತು, ಡಿಗ್ರಿ ಇರಲಿಲ್ಲ. ಅಂಥವರ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ನವೀಕರಿಸುವುದು ಕೆಲವು ವರ್ಷಗಳಿಂದ ದೊಡ್ಡ ರಗಳೆಯಾಗಿತ್ತು. ಕಂಪನಿ ಮನಸ್ಸು ಮಾಡಿ ಬೆನ್ನುಹತ್ತಿದರೆ ಮಾತ್ರ ಆಗುತ್ತಿತ್ತು. ಮುಂದಿನ ತಿಂಗಳು ಅವರದು ಮುಗಿಯುವುದಿತ್ತು. ಮುದೀರ್ ಆ ಇಕಾಮಾದ ಫೈಲನ್ನು ಮೇಜಿನ ಒಂದು ಬದಿಗೆ ತಳ್ಳಿ, "ಖಲಾಸ್, ಇನ್ನು ಮನೆಗೆ ಹೋಗಿ ವಿಶ್ರಾಂತಿ ತಗೋ" ಎಂದು ಹಿಂದಿಯಲ್ಲಿ ಹೇಳಿದರು.

ಹೊಸ ಗೇರು ಮತ್ತೆ ಆಗಲೇಬೇಕಿತ್ತು. ಈ ಸಲ ವಿಧಿಯಿಲ್ಲದೆ ನಾನೇ ಸುಲೈಬಿಯಾಕ್ಕೆ ಹೋದೆ. ಕಾರಿನ ಸ್ಟಿಯರಿಂಗ್ ಮುಟ್ಟಲಾಗದಷ್ಟು ಕಾದಿತ್ತು. ದಾರಿಯುದ್ದಕ್ಕೂ ಬಿಸಿಲನ್ನು, ರೊಟ್ಟಿಯನ್ನು, ಅದನ್ನು ತಿನ್ನುವವರನ್ನು ಬೈದುಕೊಂಡೆ. ಮಷೀನಿನ ಎರಡು ಶಾಫ್ಟ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಎಷ್ಟು ದೂರ ಎಂದು ಅಳೆದೆ. ನನ್ನ ಲೆಕ್ಕದಂತೆ ತೊಂಬತ್ತರ ಸುತ್ತಮುತ್ತ ಇರಬೇಕು. ತೊಂಬತ್ತೊಂದು ಪಾಯಿಂಟ್ ನಾಲ್ಕು ಬಂತು. ಮೂರು ಸಲ ಅಳೆದರೂ ಅಷ್ಟೇ. ಫೋನಿನಲ್ಲಿ ಅದನ್ನು ಇಂಚಿಗೆ ತಿರುಗಿಸಿದೆ. ಮೂರು ಪಾಯಿಂಟ್ ಆರು. ಎರಡೂ ಗೇರುಗಳ ಹಲ್ಲು ಕೂಡಿಸಿದರೆ ಎಪ್ಪತ್ತೆರಡು, ಅರ್ಧ ಮೂವತ್ತಾರು, ಡಿಪಿ ಹತ್ತರಿಂದ ಭಾಗಿಸಿದರೆ ಮೂರು ಪಾಯಿಂಟ್ ಆರು. ಹಿಟ್ಟಿನ ಧೂಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ಇನ್ನೊಮ್ಮೆ ಭಾಗಿಸಿ ನೋಡಿದೆ.

ವಾಪಸ್ ಬಂದು ಲೋಟ ಎತ್ತಿ ರಟ್ಟು ನೋಡಿದೆ. 7.72ರ ಮೇಲೆ ಚಹಾದ ಉಂಗುರ ಬಿದ್ದಿತ್ತು. ನನ್ನದೇ ಪುಸ್ತಕದ ಟೇಬಲ್ಲಿನಲ್ಲಿ ಹಳೇ ಇಂಚಿನ ಗೇರುಗಳ ಸಾಲಿನಲ್ಲಿ ಅದೇ ಅಂಕಿ ಇತ್ತು. ನಾನು ಮಾಡಿದ ಗೇರಿಗೆ 7.38. ನೋಡಲು ಅರ್ಧ ನಿಮಿಷ ಬೇಕಾಗಿತ್ತು.

ಆಗ ಹೋಗಿ ನಿಜ ಹೇಳಿದೆನೇ? ಇಲ್ಲ. ಸದ್ದಿಲ್ಲದೆ ಎರಡೂ ಗೇರುಗಳ ಹೊಸ ಡ್ರಾಯಿಂಗ್ ಮಾಡಿದೆ, ಡಿಪಿ ಹತ್ತು ಎಂದೇ. ಗೇರು ಸರಿಹೋದರೆ ಎಲ್ಲರೂ ಮರೆಯುತ್ತಾರೆ, ಫೋರ್‌ಮನ್ ಊರಿಗೆ ಹೋಗುತ್ತಾರೆ, ಪೀಡೆ ತೊಲಗುತ್ತದೆ ಎಂದುಕೊಂಡೆ. ಆದರೆ ಆ ಚೌಕದಲ್ಲಿ ಅವರ ಸಹಿ ಬೇಕಿತ್ತು, ಅವರಿಗಿನ್ನೂ ಮೂರು ವಾರ ಉಳಿದಿತ್ತು. ಡ್ರಾಯಿಂಗ್ ಹಿಡಿದು ಹೊರಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಡಿಪಿ 10 ಎಂಬಲ್ಲಿ ಬೆರಳಿಟ್ಟರು. ಈಗ ಬೈಯುತ್ತಾರೆ, ಬೈದರೆ ನಾನೂ ಬೈಯಬಹುದು ಎಂದು ಕಾದೆ. ಅವರು ಪೆನ್ನು ತೆಗೆದು ಸಹಿ ಹಾಕಿ, ಡ್ರಾಯಿಂಗನ್ನು ಕಟ್ ಮಾಡುವವನ ಕೈಗೆ ಕೊಟ್ಟು, ಕಟ್ಟರ್ ಹುಡುಕಲು ಹೋದರು. ನನಗೆ ಮೈಯೆಲ್ಲಾ ಹೇಸಿಗೆಯಾಯಿತು. ಅವರ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ನನ್ನ ಮೇಲಿನದು ಅದಕ್ಕಿಂತ ದೊಡ್ಡದಾಗಿತ್ತು.

ರಟ್ಟು ತೆಗೆದುಕೊಂಡು ಮುದೀರ್ ಹತ್ತಿರ ಹೋದೆ. ಇದು ನನ್ನ ಟೇಬಲ್ಲಿನ ಮೇಲೆಯೇ ಇತ್ತು, ಇವರು ಹೇಳಿದ್ದು ಸರಿ, ನಾನು ಸುಳ್ಳು ಹೇಳಿದೆ ಎಂದೆ. ಅವರು ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ರೊಟ್ಟಿ ಕಾರ್ಖಾನೆಯವರಿಗೆ ಇದು ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ. ಗೊತ್ತಾಗುವುದೂ ಬೇಡ ಎಂದರು. ನನ್ನ ಹೆಸರಿಗೆ ಒಂದು ವಾರ್ನಿಂಗ್ ಪತ್ರ ಬಂತು. ಬದಿಗೆ ತಳ್ಳಿದ್ದ ಫೈಲು ಮೇಜಿನ ನಡುವಿಗೆ ಬಂತು. ನಾಲ್ಕೈದು ಓಡಾಟಗಳಾಗಿ ಫೋರ್‌ಮನ್ನರ ಇಕಾಮಾ ಇನ್ನೊಂದು ವರ್ಷಕ್ಕೆ ಆಯಿತು.

ಆದ ದಿನ ಅವರು ಕ್ಯಾಬಿನ್ನಿಗೆ ಬಂದರು. ಥ್ಯಾಂಕ್ಸ್ ಹೇಳಲು ಬಂದಿರಬೇಕೆಂದು ಒಳಗೊಳಗೇ ಬೀಗಿದೆ, ಅಷ್ಟು ನಾಚಿಕೆಗೆಟ್ಟವನು ನಾನು. ಅವರು ಕೂರಲಿಲ್ಲ. ರಟ್ಟು ಕೊಡಿ, ಅದು ನನ್ನದು ಎಂದರು. ಕೊಟ್ಟೆ. ಚಹಾದ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು. ಅದು ಹೋಗಲಿಲ್ಲ.

"ಲೆಕ್ಕ ತಪ್ಪಿದ್ದಕ್ಕೆ ನನಗೆ ಎಂತ ಬೇಜಾರೂ ಇಲ್ಲ. ನನ್ನದೂ ತಪ್ಪಿದ್ದುಂಟು" ಎಂದರು. "ನಾಲ್ಕು ವರ್ಷ ನಾನು ನಿಮ್ಮತ್ರ ಕನ್ನಡ ಮಾತಾಡಿದೆ. ನೀವು ನನ್ನತ್ರ ಒಂದೇ ಸಲ ಮಾತಾಡಿದ್ದು. ಯಾವ ರಟ್ಟು ಅಂತ."

ಅವರು ಬಾಗಿಲ ಹತ್ತಿರ ಹೋದರು. ಅಲ್ಲಿಂದ ತಿರುಗಿ, "ಗೇರ್ ತಯ್ಯಾರ್ ಹೈ ಸಾಬ್, ಆಕೇ ದೇಖ್ ಲೀಜಿಯೇ" ಎಂದು ಹಿಂದಿಯಲ್ಲಿ ಹೇಳಿ ಹೊರಗೆ ನಡೆದರು.

ಆ ಗೇರು ಇವತ್ತಿಗೂ ಸದ್ದಿಲ್ಲದೆ ತಿರುಗುತ್ತಿದೆ. ಅವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಹೊರಗೆ ಹೋಗಿ ಅವತ್ತಿನ ಅಳತೆಗಳನ್ನು ನಾನು ಕನ್ನಡದಲ್ಲಿ ಕೇಳುತ್ತೇನೆ. ಅವರು ಹಿಂದಿಯಲ್ಲಿ ಹೇಳುತ್ತಾರೆ.