ಮೊದಲ ಚೂರು ಅಜ್ಜಿಗೆ

ಕಳೆದ ವಾರ ಉಡುಪಿಯಿಂದ ಹೆಜಮಾಡಿಗೆ ಹೋಗುವಾಗ, ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲೆಯಡಿಕೆಯ ಚೀಲ ಬಿಚ್ಚಿದರು. ಹೊಗೆಸೊಪ್ಪಿನ ಖಾರ ವಾಸನೆ ಮೂಗಿಗೆ ಬಡಿದದ್ದೇ, ನನ್ನನ್ನು ಯಾರೋ ಅನುಮಾನದಿಂದ ನೋಡುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಿದರೆ ಆ ಹೆಂಗಸು, ಪಾಪ, ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನೋಡುತ್ತಿದ್ದದ್ದು ಕಾಪುವಿನ ಅಜ್ಜಿ… ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಎಂಬತ್ತರ ದಶಕದ ಆರಂಭ. ಕಾರ್ಕಳದ ಕೊಂಕಣಿ ಕ್ರಿಶ್ಚಿಯನ್ ಮನೆಯ ಹುಡುಗಿ ನಾನು; ಮಣಿಪಾಲದಲ್ಲಿ ಮಕ್ಕಳ ವರ್ತನೆ ತಿದ್ದುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಆಟಿಸಂ ಎಂಬ ಮಾತು ಆಗ ಡಾಕ್ಟರರ ಬಾಯಲ್ಲಿ ಮಾತ್ರ ಇತ್ತು. ಊರಿನವರು ಅಂಥ ಮಕ್ಕಳನ್ನು “ಒಂದು ನಮೂನೆ” ಎಂದು ಮಾತು ಮುಗಿಸುತ್ತಿದ್ದರು. ನಾನು ಮನೆಗೇ ಹೋಗಿ ಕಲಿಸಬೇಕಾದ ಮಗು ಕಾಪುವಿನ ಆ ಅಜ್ಜಿಯ ಮೊಮ್ಮಗಳು; ಶಾಲೆಗೆ ಹೋಗುವ ಪ್ರಾಯವಾದರೂ ಒಂದು ಮಾತೂ ಆಡಿರಲಿಲ್ಲ. ಏನಾದರೂ ಬೇಕಾದರೆ ತಲೆಯನ್ನು ನೆಲಕ್ಕೆ ಚಚ್ಚಿಕೊಳ್ಳುತ್ತಿದ್ದಳು. ಹಣೆಯ ಗಾಯ ಮಾಯುವ ಮೊದಲೇ ಇನ್ನೊಂದು ಗಾಯ. ಹಾಗೆ ಚಚ್ಚಿಕೊಳ್ಳದೆ ಬಾಯಿಬಿಟ್ಟು ಕೇಳುವುದನ್ನು ಅವಳಿಗೆ ಕಲಿಸಬೇಕಿತ್ತು.

ಉಪಾಯ ಸರಳ. ಅವಳಿಗೆ ಇಷ್ಟವಾದ ನೆಲಗಡಲೆ ಚಿಕ್ಕಿಯನ್ನು ಚೂರು ಮಾಡಿ ಇಟ್ಟುಕೊಳ್ಳುವುದು. ನನ್ನ ಮುಖ ನೋಡಿದರೆ, ಸಣ್ಣ ಸ್ವರ ಹೊರಡಿಸಿದರೆ, ಆ ಕ್ಷಣವೇ ಒಂದು ಚೂರು ಕೊಡುವುದು. ಆದರೆ ಅಜ್ಜಿ ಬಿಡಬೇಕಲ್ಲ!

“ಇದರಲ್ಲಿ ಎಂತ ಉಂಟು ಬಾಯಮ್ಮ?” ಎಂದರು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ವಾಡಿಕೆ.

“ನೆಲಗಡಲೆ, ಬೆಲ್ಲ, ಅಜ್ಜಿ.”

“ಮತ್ತೆ?”

“ಮತ್ತೆ ಎಂತದೂ ಇಲ್ಲ.”

“ಎಂತದೂ ಇಲ್ಲದೆ ಮಣಿಪಾಲದಿಂದ ಇಷ್ಟು ದೂರ ಯಾರು ಬರ್ತಾರೆ?”

ಅವರ ತಲೆಯಲ್ಲಿದ್ದದ್ದು ಕೈಮದ್ದು. ತಿಂಡಿಯಲ್ಲಿ ಬೆರೆಸಿ ತಿನ್ನಿಸಿ ಒಬ್ಬರ ಮನಸ್ಸನ್ನು ತಮ್ಮತ್ತ ತಿರುಗಿಸಿಕೊಳ್ಳಬಹುದು ಎಂದು ನಮ್ಮ ಕಡೆ ನಂಬುವ ಮದ್ದು. ನನಗೆ ಮೈಯೆಲ್ಲ ಉರಿಯಿತು. ಆದರೆ ತಿಂಡಿ ಕೊಟ್ಟು ಮಗುವಿನ ಮನಸ್ಸು ತಿರುಗಿಸುವುದೇ ನನ್ನ ಕಸುಬಾಗಿರುವಾಗ ಏನೆಂದು ವಾದಿಸಲಿ? ಕೊನೆಗೆ ಒಂದು ಒಪ್ಪಂದವಾಯಿತು. ಪ್ರತಿ ಸಲವೂ ಮೊದಲ ಚೂರು ಅಜ್ಜಿಗೆ. ಅವರು ಎಲೆಯಡಿಕೆ ಉಗುಳಿ ಬಂದು, ಹಲ್ಲಿಲ್ಲದ ಬಾಯಲ್ಲಿ ಅದನ್ನು ಚೀಪಿ ನುಂಗಿ, ತಮಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಮಗುವಿಗೆ “ತಿನ್ಲ” ಎಂದು ಅಪ್ಪಣೆ ಕೊಡುವುದು. ತುಳುವಿನಲ್ಲಿ ‘ತಿನ್ನು’ ಎಂದರ್ಥ. ನನ್ನ ‘ಆ ಕ್ಷಣ’ ಅಲ್ಲಿಯವರೆಗೆ ಕಾಯಬೇಕಿತ್ತು.

ನನಗೂ ಅವರ ಮೇಲೆ ಸಂಶಯವೇ. ನಾನು ಬರುವ ಮೊದಲು ಕದ್ದುಮುಚ್ಚಿ ಬೆಲ್ಲ ತಿನ್ನಿಸುತ್ತಿರಬೇಕು, ಇಲ್ಲದಿದ್ದರೆ ಮಗು ಯಾಕೆ ಚಿಕ್ಕಿ ಕೇಳುವುದಿಲ್ಲ? ಹೋದ ಕೂಡಲೇ ಮಗುವಿನ ಬೆರಳು ಅಂಟುತ್ತದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ನಾನು ಮುಟ್ಟಿ ನೋಡುವುದನ್ನು ಅಜ್ಜಿ ನೋಡುತ್ತಿದ್ದರು. ತಿಂಗಳುಗಳು ಕಳೆದರೂ ಮಗು ನನ್ನ ಮುಖ ನೋಡಲಿಲ್ಲ. ಅಜ್ಜಿಯ ಗಂಟಲನ್ನೇ ನೋಡುತ್ತ ಕೂರುತ್ತಿದ್ದಳು. ಈ ಮುದುಕಿ ನನ್ನ ಕೆಲಸ ಕೆಡಿಸುತ್ತಿದ್ದಾಳೆ ಎಂದು ಗೊಣಗುತ್ತ ಬಸ್ಸು ಹತ್ತುತ್ತಿದ್ದೆ.

ಒಂದು ದಿನ ಅಜ್ಜಿ ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದರು. ಒಳ್ಳೆಯದೇ ಆಯಿತು ಎಂದು ಚೂರನ್ನು ನೇರವಾಗಿ ಮಗುವಿನ ಕೈಗಿಟ್ಟೆ. ತಿನ್ನಲಿಲ್ಲ. ಎದ್ದು ಒಳಗೆ ಹೋದಳು. ತಲೆ ಚಚ್ಚಿಕೊಳ್ಳುತ್ತಾಳೋ ಎಂದು ಹೆದರಿ ನಾನು ಹಿಂದೆಯೇ ಓಡಿದೆ. ಅವಳು ಅಜ್ಜಿಯ ತುಟಿಗೆ ಚೂರನ್ನು ಒತ್ತಿ ಹಿಡಿದು, “ತಿನ್ಲ” ಅಂದಳು.

ಅವಳ ಮೊದಲ ಮಾತು… ನಾನು ಕಲಿಸಿದ್ದಲ್ಲ. ಅಜ್ಜಿ ಚೀಪಿದರು, ಕಣ್ಣಿಂದ ನೀರು ಇಳಿಯುತ್ತಿತ್ತು. ಬಾಗಿಲಲ್ಲಿ ನಿಂತು ನಾನೂ ಅಳುತ್ತಿದ್ದೆ. ನುಂಗಿದ ಮೇಲೆ ಅಜ್ಜಿ ನನ್ನನ್ನು ದಿಟ್ಟಿಸಿದರು.

“ಇವತ್ತು ಇದಕ್ಕೆ ಎಂತ ಹಾಕಿದ್ರಿ ಬಾಯಮ್ಮ?”

ಆಮೇಲೆ ಒಂದೊಂದಾಗಿ ಮಾತು ಬಂತು. ಹೆಚ್ಚಲ್ಲ, ಬೇಕಾದ್ದನ್ನು ಕೇಳುವಷ್ಟು. ಹಣೆಯ ಗಾಯ ಮಾಯಿತು. ಅಜ್ಜಿಯ ಸಂಶಯ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಬಸ್ಸು ಕಾಪುವಿನಲ್ಲಿ ನಿಂತಾಗ ಇಳಿದೇಬಿಟ್ಟೆ. ಅಂಗಡಿಯಲ್ಲಿ ಒಂದು ಪೊಟ್ಟಣ ಬಿಸ್ಕತ್ತು ಕೊಂಡು ಅಜ್ಜಿಯ ಮನೆಗೆ ನಡೆದೆ. ಮನೆಯವರು ಕುರ್ಚಿ ಹಾಕಿ ಚಹಾ ತಂದರು. ಎಲ್ಲರಿಗೂ ನನ್ನ ಮೇಲೆ ಪೂರ್ತಿ ನಂಬಿಕೆ. ಅಜ್ಜಿ ಇಲ್ಲ ಎಂಬುದು ಆಗ ಸರಿಯಾಗಿ ತಟ್ಟಿತು. ಅಷ್ಟರಲ್ಲಿ ಮೊಮ್ಮಗಳು ಬಂದಳು. ಈಗ ನಡುವಯಸ್ಸಿನ ಹೆಂಗಸು. ನಾನು ತಂದ ಬಿಸ್ಕತ್ತಿನ ಪೊಟ್ಟಣ ಬಿಡಿಸಿ, ಒಂದನ್ನು ನನ್ನ ತುಟಿಗೆ ಹಿಡಿದಳು.

“ತಿನ್ಲ.”

ತಿಂದೆ. ನನ್ನ ಗಂಟಲನ್ನೇ ನೋಡುತ್ತ ಅವಳು ತುಸು ಹೊತ್ತು ಕಾದಳು. ನನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ತಾನೊಂದು ತಿಂದಳು.